ಊರಿನ ಸೈಟೂ ಲೆಕ್ಕಕ್ಕೆ ಬರುತ್ತೆ ಅಂದಿದ್ದೆ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ನಾಲ್ಕು ಜನ ಕೂತಿರುವಾಗ ಒಂದು ವಿಷಯವನ್ನು ಎದೆ ತಟ್ಟಿ ಹೇಳಿರುತ್ತೀರಿ. ಎಲ್ಲರೂ ನಂಬಿರುತ್ತಾರೆ. ಕೆಲವು ದಿನ ಬಿಟ್ಟು, ಹೇಳಿದ್ದು ತಪ್ಪು ಎಂದು ನಿಮಗೇ ಗೊತ್ತಾಗುತ್ತದೆ. ತಿದ್ದುವುದಕ್ಕೆ ಸಮಯವೂ ಇರುತ್ತದೆ. ಆದರೂ ತಿದ್ದುವುದಿಲ್ಲ. ಆಗಿದೆಯಾ? "ಇಲ್ಲಪ್ಪ, ನಾನು ಅಂಥವಳಲ್ಲ" ಎನ್ನುವವರು ಇಲ್ಲಿಗೇ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು. ಉಳಿದವರು ಓದಿ. ನನಗೆ ಆಗಿದೆ. ಮರೆತು ಆದದ್ದಲ್ಲ, ಬೇಕೆಂದೇ ಮಾಡಿದ್ದು.

ನಡೆದದ್ದು ಬ್ರಿಸ್ಬೇನ್‌ನಲ್ಲಿ, ಕಳೆದ ದಶಕದ ನಡುವಿನಲ್ಲಿ. ನಾನಾಗ ಒಂದು ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಯಾವ ದೇಶದ ಯಾವ ಮಾರ್ಕ್ಸ್ ಕಾರ್ಡ್ ಇಲ್ಲಿ ನಡೆಯುತ್ತದೆ, ಯಾರು ಅರ್ಹರು, ಯಾರು ಅಲ್ಲ ಎಂದು ನಿಯಮ ಓದಿ ಹೇಳುವುದೇ ನನ್ನ ಕೆಲಸ. ದಿನವಿಡೀ ಅದೇ. ಹಾಗಾಗಿ ನಮ್ಮವರಲ್ಲಿ ಯಾರಿಗೆ ಯಾವ ಕಾಗದ ಬಂದರೂ ಮೊದಲು ನನ್ನ ಕೈಗೆ ಬರುತ್ತಿತ್ತು. ವೀಸಾ ಕಾಗದ, ಮಕ್ಕಳ ಶಾಲೆಯ ಕಾಗದ, ಫೈನ್ ಹಾಕಿದ ಕಾಗದ, ಎಲ್ಲ. ನನಗೂ ಅದು ಇಷ್ಟವೇ ಆಗಿತ್ತು. ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು "ಕೊಡಿ ಇಲ್ಲಿ" ಎನ್ನುವುದರಲ್ಲಿ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ.

ಶುಕ್ರವಾರ ಮಧ್ಯಾಹ್ನ ನಾವು ಒಂಬತ್ತು ಜನ ಕನ್ನಡದವರು ಲೈಬ್ರರಿಯ ಹಿಂದಿನ ಮರದ ಮೇಜಿನ ಸುತ್ತ ಸೇರಿ ಊಟ ಮಾಡುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ವಿಭಾಗ. ಉದ್ದ ಕೊಕ್ಕಿನ ಐಬಿಸ್ ಹಕ್ಕಿಗಳು ಸುತ್ತ ಹೊಂಚು ಹಾಕುತ್ತಿದ್ದವು, ಚಪಾತಿಯನ್ನು ಕೈಯಿಂದಲೇ ಕಿತ್ತುಕೊಂಡು ಹೋಗುವಷ್ಟು ಧೈರ್ಯ ಅವಕ್ಕೆ. ಆ ಒಂಬತ್ತು ಜನರಲ್ಲಿ ಇಬ್ಬರ ವಿಷಯ ನೀವು ತಿಳಿದರೆ ಸಾಕು.

ಒಬ್ಬಳು ನನ್ನ ಗೆಳತಿ, ಮಂಗಳೂರಿನ ಕಡೆಯ ಕ್ಯಾಥೊಲಿಕ್ ಮನೆಯವಳು. ಮಸ್ಕತ್‌ನ ಆಸ್ಪತ್ರೆಯಲ್ಲಿ ಹತ್ತು ವರ್ಷ ಲ್ಯಾಬ್ ಕೆಲಸ ಮಾಡಿ, ಆಮೇಲೆ ಗಂಡ ಮತ್ತು ಮಗಳ ಜೊತೆ ಇಲ್ಲಿಗೆ ಬಂದವಳು. ವಿಶ್ವವಿದ್ಯಾಲಯದಲ್ಲೂ ಲ್ಯಾಬ್ ಟೆಕ್ನೀಷಿಯನ್ನೇ, ಕಾಯಂ ಕೆಲಸ. ಮಸ್ಕತ್ ದುಡ್ಡಿನಲ್ಲಿ ಮಂಗಳೂರಿನಲ್ಲಿ ಒಂದು ಚಿಕ್ಕ ಫ್ಲ್ಯಾಟ್ ಕೊಂಡಿದ್ದಳು. ಇನ್ನೊಬ್ಬರು ಬೆಂಗಳೂರಿನವರು, ಕ್ಯಾಂಪಸ್‌ನ ಎಲೆಕ್ಟ್ರಿಕಲ್ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದವರು. ನಮ್ಮೆಲ್ಲರಿಗಿಂತ ಹಿರಿಯರು, ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಅವರದ್ದೂ ಬೆಂಗಳೂರಿನ ಹೊರಗೆ ಒಂದು ಸೈಟು ಇತ್ತು. ಅಷ್ಟೇಕೆ, ಆ ಮೇಜಿನಲ್ಲಿ ಊರಲ್ಲಿ ಸೈಟೋ ಫ್ಲ್ಯಾಟೋ ಇಲ್ಲದವರು ಒಬ್ಬರೂ ಇರಲಿಲ್ಲ. ಮುಳ್ಳುಗಿಡ ಬೆಳೆದು ನಿಂತ ಸೈಟಾದರೂ ಸರಿ, ಒಂದು ಇರಲೇಬೇಕು. ಮೊದಲ ಸಂಬಳ ಉಳಿಸಿ ಅದನ್ನು ಕೊಂಡ ಮೇಲೆಯೇ ನಮ್ಮವರು ವಿಮಾನ ಹತ್ತುವುದು.

ಆದರೆ ಬ್ರಿಸ್ಬೇನ್‌ನಲ್ಲಿ ಸ್ವಂತ ಮನೆ ಇದ್ದದ್ದು ನನಗೆ ಮಾತ್ರ. ರನ್‌ಕಾರ್ನ್‌ನಲ್ಲಿ, ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ. ಅದಕ್ಕಾಗಿ ನಾನು ಮತ್ತು ನನ್ನ ಗಂಡ ಆರು ವರ್ಷ ಇನ್ನೊಂದು ಸಂಸಾರದ ಜೊತೆ ಒಂದೇ ಮನೆ, ಒಂದೇ ಬಚ್ಚಲು ಹಂಚಿಕೊಂಡು ಬದುಕಿದ್ದೆವು. ಮನೆ ಕೊಳ್ಳಬೇಕಾದರೆ ಬ್ಯಾಂಕ್ ಸಾಲ ಕೊಡುವ ಮುಂಚೆ ನಾವು ಕೈಯಿಂದ ಕಟ್ಟಬೇಕಾದ ಮುಂಗಡ ಇರುತ್ತದಲ್ಲ, ಇಲ್ಲಿ ಡೆಪಾಸಿಟ್ ಎನ್ನುತ್ತಾರೆ, ಅದನ್ನು ಕೂಡಿಸಲು ಅಷ್ಟು ವರ್ಷ ಹಿಡಿಯಿತು.

ಆ ವರ್ಷ ಹೊಸ ವೇತನ ಒಪ್ಪಂದದ ಜೊತೆಗೆ ಸಿಬ್ಬಂದಿಯ ಮುಂದೆ ಇನ್ನೊಂದು ಪ್ರಸ್ತಾವ ಬಂತು. ಎಲ್ಲರ ಸಂಬಳ ಏರಿಕೆಯಲ್ಲಿ ಒಂದು ಸಣ್ಣ ಪಾಲು ತೆಗೆದು ನಿಧಿ ಮಾಡುವುದು. ಮೊದಲ ಮನೆ ಕೊಳ್ಳುವ ಕಾಯಂ ಸಿಬ್ಬಂದಿಗೆ ಅದರಿಂದ ಬಡ್ಡಿಯಿಲ್ಲದೆ ಡೆಪಾಸಿಟ್‌ಗೆ ಸಾಲ ಕೊಡುವುದು. ಬೇಕೋ ಬೇಡವೋ ಎಂದು ಎಲ್ಲರೂ ಆನ್‌ಲೈನ್‌ನಲ್ಲಿ ಮತ ಹಾಕಬೇಕು. ಸೋಮವಾರ ಶುರು, ಶುಕ್ರವಾರ ಸಂಜೆ ಮುಗಿಯುತ್ತದೆ.

ಅದಕ್ಕೆ ಮುಂಚಿನ ಶುಕ್ರವಾರ ಮೇಜಿನಲ್ಲಿ ಇದೇ ಮಾತು. ಗೆಳತಿ ನೀರ್‌ದೋಸೆಯ ಡಬ್ಬಿ ತೆಗೆಯುವುದನ್ನೂ ಮರೆತು ನನ್ನ ಕಡೆ ವಾಲಿ ಕೂತಿದ್ದಳು. ಅವಳಿಗೆ ಅದು ಬರಿಯ ಹರಟೆಯಾಗಿರಲಿಲ್ಲ. ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕರು ಮಾರುತ್ತಿದ್ದರು, ಖಾಲಿ ಮಾಡಲು ನೋಟಿಸ್ ಬಂದಿತ್ತು. ಬಂದಾಗಿನಿಂದ ಅದು ಅವರ ನಾಲ್ಕನೇ ಮನೆ. ಮೂರು ತಿಂಗಳಿಗೊಮ್ಮೆ ಬಾಡಿಗೆ ಏಜೆಂಟ್ ತಪಾಸಣೆಗೆಂದು ಬಂದು ಒಲೆಯೊಳಗೆ ತಲೆ ಹಾಕಿ ಫೋಟೋ ಹೊಡೆದುಕೊಂಡು ಹೋಗುವುದು, ಗೋಡೆಗೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಯೇಸುವಿನ ಪಟ ಟಿವಿ ಪಕ್ಕ ನೆಲದ ಮೇಲೇ ನಿಂತಿರುವುದು, ಇದೆಲ್ಲ ಅವಳಿಗೆ ಸಾಕಾಗಿತ್ತು. ನಮ್ಮ ಮನೆಯಿಂದ ಮೂರು ಬೀದಿ ಆಚೆ ಒಂದು ಟೌನ್‌ಹೌಸ್ ಮಾರಾಟಕ್ಕಿತ್ತು. ಮಗಳ ಶಾಲೆಗೆ ಹತ್ತಿರ. ಗಂಡ ಹೆಂಡತಿ ಎರಡು ಸಲ ಹೋಗಿ ನೋಡಿ ಬಂದಿದ್ದರು. ಡೆಪಾಸಿಟ್ ಒಂದೇ ಕೊರತೆ.

"ಇದು ಪಾಸಾದ್ರೆ ನಂಗೆ ಸಿಗ್ತದಾ ಮಾರಾಯ್ತಿ? ನೀನು ಓದಿದ್ಯಲ್ಲ?" ಎಂದಳು.

ಓದಿದ್ದೆ, ಬೆಳಗಿನ ರೈಲಿನಲ್ಲಿ, ನಿಂತುಕೊಂಡು, ಫೋನಿನಲ್ಲಿ, ಅರ್ಧ. 'ಈಗಾಗಲೇ ಮನೆ ಆಸ್ತಿ ಇರುವವರಿಗೆ ಇಲ್ಲ' ಎಂಬ ಸಾಲು ಕಣ್ಣಿಗೆ ಬಿದ್ದಿತ್ತು. ನಾವು ಮನೆ ಕೊಂಡಾಗ ಬ್ಯಾಂಕಿನವರು ನಮ್ಮ ಮೈಸೂರಿನ ಸೈಟಿನ ವಿವರವನ್ನೂ ಕೇಳಿ ಬರೆಸಿಕೊಂಡಿದ್ದರು. ಅದು ತಲೆಯಲ್ಲಿತ್ತು. ಎರಡನ್ನೂ ಸೇರಿಸಿ ತೀರ್ಪು ಕೊಟ್ಟುಬಿಟ್ಟೆ.

"ನಿಂಗೆ ಸಿಗಲ್ಲ ಕಣೇ. ಊರಲ್ಲಿ ಫ್ಲ್ಯಾಟ್ ಇದ್ಯಲ್ಲ, ಅದೂ ಲೆಕ್ಕಕ್ಕೆ ಬರುತ್ತೆ. ಇಲ್ಲಿ ಕೂತಿರೋ ಯಾರಿಗೂ ಸಿಗಲ್ಲ. ಎಲ್ರಿಗೂ ಸೈಟ್ ಇದೆ ತಾನೆ?"

"ಅಯ್ಯೋ ದೇವ್ರೇ. ಆ ಫ್ಲ್ಯಾಟಿನ ಬಾತ್‌ರೂಮ್ ಗೋಡೆ ಪೂರಾ ಪಾಚಿ ಕಟ್ಟಿದೆ. ಅದು ಆಸ್ತಿಯಾ?"

"ಪಾಚಿ ಇದ್ರೂ ಆಸ್ತಿ ಆಸ್ತಿನೇ," ಎಂದೆ. ಎಲ್ಲರೂ ನಕ್ಕರು.

ಯಾರೋ ಒಬ್ಬರು, "ಹಂಗಾದ್ರೆ ನಮ್ ಸಂಬ್ಳ ಹಿಡ್ಕೊಂಡು ಯಾರ್ಗೋ ಮನೆ ಕೊಡ್ಸೋದಾ? ನಂದು ನೋ," ಎಂದರು. "ನೋ ಯಾಕೆ, ಲಿಂಕೇ ಓಪನ್ ಮಾಡಲ್ಲ ನಾನು," ಎಂದರು ಇನ್ನೊಬ್ಬರು. ಅಂಕಲ್ ಮಾತ್ರ ಉಪ್ಪಿನಕಾಯಿ ನೆಕ್ಕುತ್ತಾ ನನ್ನನ್ನೇ ನೋಡುತ್ತಿದ್ದರು.

ಇಲ್ಲಿಯವರೆಗೆ ಆದದ್ದು ತಪ್ಪು ತಿಳಿವಳಿಕೆ. ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಬುಧವಾರ ಮತ ಹಾಕೋಣವೆಂದು ಆಫೀಸಿನಲ್ಲಿ ಲಿಂಕ್ ತೆರೆದೆ. ಪೂರ್ತಿ ಪ್ರಸ್ತಾವ ಅಲ್ಲೇ ಇತ್ತು. ದೊಡ್ಡ ಪರದೆ, ಕೈಯಲ್ಲಿ ಕಾಫಿ, ಅಭ್ಯಾಸಬಲದಿಂದ ಓದಿದೆ. ಕೊನೆಯಲ್ಲಿ ಪದಗಳ ಅರ್ಥ ವಿವರಿಸುವ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಆಸ್ತಿ ಎಂದರೆ ಆಸ್ಟ್ರೇಲಿಯಾದಲ್ಲಿರುವ ವಾಸದ ಮನೆ. ಬೇರೆ ದೇಶದ್ದು ಲೆಕ್ಕಕ್ಕಿಲ್ಲ.

ಗೆಳತಿಗೆ ಸಿಗುತ್ತಿತ್ತು. ಮೇಜಿನಲ್ಲಿ ಕೂತಿದ್ದ ಎಲ್ಲರಿಗೂ ಸಿಗುತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಆ ಪುಟದ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮೊದಲು ಅನ್ನಿಸಿದ್ದು ಅವಮಾನ. ನಿಯಮ ಓದುವುದೇ ಕೆಲಸವಾದವಳು ನಿಯಮ ತಪ್ಪು ಓದಿದೆ ಎಂದು ಎಂಟು ಜನರಿಗೆ ಹೇಗೆ ಹೇಳುವುದು. ಅದು ಸ್ವಲ್ಪ ಹೊತ್ತು. ಅದರ ಹಿಂದೆಯೇ ಇನ್ನೊಂದು ಬಂತು, ಅದಕ್ಕೆ ಹೆಸರಿಡಲು ನನಗೆ ವರ್ಷಗಳು ಬೇಕಾದವು. ನಾವು ಆರು ವರ್ಷ ಬಚ್ಚಲಿಗೆ ಕ್ಯೂ ನಿಂತು ಸೇರಿಸಿದ್ದನ್ನು ಇವಳು ಒಂದು ಅರ್ಜಿಯಲ್ಲಿ ಪಡೆಯುತ್ತಾಳಲ್ಲ ಎಂಬ ಹೊಟ್ಟೆಕಿಚ್ಚು. ಇನ್ನೂ ಕೆಳಗಿಳಿದು ಹೇಳುತ್ತೇನೆ. ಯುಗಾದಿ, ಹುಟ್ಟುಹಬ್ಬ, ಏನೇ ಇದ್ದರೂ ಎಲ್ಲರೂ ಸೇರುತ್ತಿದ್ದದ್ದು ನಮ್ಮ ಮನೆಯಲ್ಲಿ, ಏಕೆಂದರೆ ಸ್ವಂತ ಮನೆ ಅದೊಂದೇ. ಹಿತ್ತಲಲ್ಲಿ ಗಂಡಸರು ಇಲ್ಲಿಯವರು ಬಾರ್ಬಿ ಎನ್ನುವ ಬಾರ್ಬೆಕ್ಯೂ ಒಲೆಯ ಮೇಲೆ ಪನೀರ್ ಸುಡುತ್ತಿದ್ದರೆ, ನಾನು ಹೆಂಗಸರಿಗೆ ಅಡುಗೆಮನೆಯ ಕಪಾಟು ತೆಗೆದು ತೋರಿಸುತ್ತಿದ್ದೆ. ಮೂರು ಬೀದಿ ಆಚೆ ಇನ್ನೊಂದು ಸ್ವಂತ ಮನೆ ಆಗುವುದು ನನಗೆ ಬೇಕಿರಲಿಲ್ಲ.

'ಬೇಡ' ಎಂಬುದರ ಮೇಲೆ ಒತ್ತಿದೆ. ಧನ್ಯವಾದ, ನಿಮ್ಮ ಮತ ದಾಖಲಾಗಿದೆ ಎಂದು ಬಂತು.

ಮನೆಗೆ ಹೋಗಿ ಗಂಡನಿಗೆ ಹೇಳಿದೆ, ಮತ ಹಾಕಿದ್ದನ್ನಲ್ಲ, ತಪ್ಪು ಓದಿದ್ದನ್ನು ಮಾತ್ರ. ಅವರು ಪಾತ್ರೆ ತೊಳೆಯುತ್ತಾ, "ಗ್ರೂಪಲ್ಲಿ ಒಂದು ಮೆಸೇಜ್ ಹಾಕ್ಬಿಡು, ಅದಕ್ಕೇನು," ಎಂದರು. "ಹಾಕ್ತೀನಿ" ಎಂದೆ. ಹಾಕಲಿಲ್ಲ.

ಗುರುವಾರ ಮಧ್ಯಾಹ್ನ ಗೆಳತಿಯೇ ಫೋನ್ ಮಾಡಿದಳು. ಇಂಡೂರೂಪಿಲ್ಲಿಯ ಮಾಲ್‌ನಲ್ಲಿದ್ದಳು, ಮಗಳ ಶಾಲೆಯ ಶೂ ಕೊಳ್ಳಲು ಹೋಗಿದ್ದಳು. ಹಿಂದೆ ಸಂಗೀತದ ಗದ್ದಲ.

"ಏ, ಟೌನ್‌ಹೌಸಿನ ಏಜೆಂಟ್ ಮತ್ತೆ ಮೆಸೇಜ್ ಮಾಡಿದ್ದಾನೆ. ಕೊನೆಗೊಂದು ಸಲ ಕೇಳ್ತೇನೆ ನಿನ್ನತ್ರ. ಅದು ನಮ್ಗೆ ಆಗುದೇ ಇಲ್ವಾ? ಗ್ಯಾರಂಟಿಯಾ? ನಾಳೆ ಲಾಸ್ಟ್ ಅಲ್ವಾ ವೋಟಿಗೆ?"

ಇದು ಆ ಕ್ಷಣ. ಬಾಯಿ ತೆರೆದರೆ ಆಗುತ್ತಿತ್ತು.

"ಇಲ್ಲ ಕಣೇ. ಸುಮ್ನೆ ತಲೆ ಕೆಡಿಸ್ಕೋಬೇಡ. ಬಾಡಿಗೆಗೆ ಇನ್ನೊಂದು ಮನೆ ನೋಡು, ನಾನೂ ಹುಡುಕ್ತೀನಿ."

"ಸರಿ ಬಿಡು. ನೀನು ಹೇಳಿದ ಮೇಲೆ ಮುಗೀತು," ಎಂದು ಫೋನ್ ಇಟ್ಟಳು.

ಸೋಮವಾರ ಫಲಿತಾಂಶದ ಇಮೇಲ್ ಬಂತು. ಪ್ರಸ್ತಾವ ಬಿದ್ದುಹೋಗಿತ್ತು. ಎಷ್ಟು ಮತಗಳ ಅಂತರ ಎಂಬುದು ಎರಡನೇ ಸಾಲಿನಲ್ಲಿತ್ತು. ನಾನು ಮೊದಲ ಸಾಲು ಓದಿ ಇಮೇಲ್ ಅಳಿಸಿದೆ. ಇವತ್ತಿಗೂ ನನಗೆ ಆ ಅಂತರ ಗೊತ್ತಿಲ್ಲ. ನಮ್ಮ ಮೇಜಿನ ಮತಗಳು ಬಿದ್ದಿದ್ದರೂ ಸೋಲುತ್ತಿತ್ತೋ, ಗೆಲ್ಲುತ್ತಿತ್ತೋ. ತಿಳಿಯದೆ ಇರುವುದನ್ನು ನಾನೇ ಆರಿಸಿಕೊಂಡೆ.

ಗೆಳತಿಗೆ ಆ ಕಡೆ ಬೇರೆ ಬಾಡಿಗೆ ಮನೆ ಸಿಗಲಿಲ್ಲ. ಅವಳ ಗಂಡ ಗಣಿಗಳ ಯಂತ್ರ ರಿಪೇರಿಯವರು. ಪರ್ತ್‌ನಲ್ಲಿ ಕೆಲಸ ಸಿಕ್ಕಿತು, ಹೊರಟುಬಿಟ್ಟರು. ಅವಳು ಕಾಯಂ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಬೀಳ್ಕೊಡುಗೆ ಊಟ ಎಲ್ಲಿ ಮಾಡಿದೆವು ಹೇಳಿ? ನಮ್ಮ ಮನೆಯಲ್ಲೇ. ಎರಡು ಸಿಹಿ ಮಾಡಿದ್ದೆ. ಆಮೇಲೆ ಒಂದು ವರ್ಷದೊಳಗೆ ಅಂಕಲ್ ಕೂಡ ಅಡಿಲೇಡ್‌ಗೆ ಹೋದರು, ಅಲ್ಲಿ ಮನೆಗಳು ಅಗ್ಗ ಎಂದು.

ಎರಡು ವರ್ಷ ಕಳೆದು ನಾನು ಆಫೀಸಿನ ಕೆಲಸದ ಮೇಲೆ ಪರ್ತ್‌ಗೆ ಹೋದೆ. "ಹೋಟೆಲ್‌ನಲ್ಲಿ ಉಳಿದ್ರೆ ನಿನ್ನ ಕಾಲು ಮುರೀತೇನೆ," ಎಂದು ಗೆಳತಿ ಹಟ ಹಿಡಿದು ಕ್ಯಾನಿಂಗ್ಟನ್‌ನ ತನ್ನ ಮನೆಗೆ ಕರೆದುಕೊಂಡು ಹೋದಳು. ಬಾಡಿಗೆ ಮನೆಯೇ. ಅವಳಿಗೆ ಅಲ್ಲಿ ರಕ್ತಪರೀಕ್ಷೆಯ ಸೆಂಟರ್‌ನಲ್ಲಿ ಕೆಲಸ. ಕಾಯಂ ಅಲ್ಲ, ಕರೆದ ದಿನ ಹೋಗುವುದು. ಮಗಳು ಎತ್ತರಕ್ಕೆ ಬೆಳೆದಿದ್ದಳು. "ಆಂಟಿ ಬಂದಿದ್ದಾರೆ, ಮಾತಾಡ್ಸು" ಎಂದರೆ, "ಹಾಯ್ ಆಂಟಿ, ಹೌ ವಾಸ್ ಯುವರ್ ಫ್ಲೈಟ್?" ಎಂದು ಕೇಳಿ ರೂಮಿಗೆ ಹೋದಳು. ಇಲ್ಲಿ ಅವಳಿಗೆ ಇನ್ನೂ ಸ್ನೇಹಿತೆಯರು ಆಗಿಲ್ಲ ಎಂದು ತಾಯಿ ದನಿ ಇಳಿಸಿ ಹೇಳಿದಳು.

ಸಂಜೆ ಚಹಾ ಕುಡಿಯುವಾಗ ಅಡುಗೆಮನೆಯ ಡ್ರಾಯರ್‌ನಿಂದ ಮಡಚಿದ ಒಂದು ಅರ್ಜಿ ತೆಗೆದು ನನ್ನ ಮುಂದಿಟ್ಟಳು. ಕಡಿಮೆ ಡೆಪಾಸಿಟ್‌ನಲ್ಲಿ ಮೊದಲ ಮನೆ ಕೊಳ್ಳುವವರಿಗೆ ಅಲ್ಲಿದ್ದ ಒಂದು ಯೋಜನೆ ಅದು.

"ಇವ್ರು ತಂದು ಎಂಟು ತಿಂಗಳಾಯ್ತು. ನಾನೇ ಬೇಡ ಅಂದೆ. ಊರಿನ ಫ್ಲ್ಯಾಟ್ ಇದ್ರೆ ಆಗುದಿಲ್ಲ ಅಂತ ನಂಗೆ ಗೊತ್ತುಂಟಲ್ಲ. ಇವ್ರು ಕೇಳುದಿಲ್ಲ. ನೀನೇ ಓದಿ ಹೇಳು ಇವ್ರಿಗೆ, ನಿನ್ನ ಮಾತಾದ್ರೆ ನಂಬ್ತಾರೆ."

ಎಂಟು ತಿಂಗಳು. ನನ್ನ ಒಂದು ಸುಳ್ಳು ಬ್ರಿಸ್ಬೇನ್‌ನಲ್ಲಿ ಮುಗಿದಿರಲಿಲ್ಲ, ಅವಳ ಜೊತೆ ಸಾಮಾನು ಕಟ್ಟಿಕೊಂಡು ಇಲ್ಲಿಗೂ ಬಂದು ಡ್ರಾಯರ್ ಕಾಯುತ್ತಿತ್ತು.

ಈ ಸಲ ಪ್ರತಿ ಸಾಲೂ ಓದಿದೆ. "ಆಗುತ್ತೆ. ಆಸ್ಟ್ರೇಲಿಯಾದಲ್ಲಿ ಮನೆ ಇರಬಾರ್ದು ಅಷ್ಟೆ. ಊರಿಂದು ಲೆಕ್ಕಕ್ಕಿಲ್ಲ," ಎಂದೆ.

"ಎಂತ? ಹೌದಾ? ಮತ್ತೆ ಅಲ್ಲಿ ಯಾಕೆ ಆಗ್ಲಿಲ್ಲ?"

"ಅಲ್ಲಿಯ ರೂಲ್ಸ್ ಬೇರೆ ಇತ್ತು," ಎಂದೆ.

ಹೌದು, ಹಾಗೇ ಹೇಳಿದೆ. ಅಷ್ಟೆಲ್ಲ ಆದ ಮೇಲೂ ಬಾಯಿಗೆ ಮೊದಲು ಬಂದದ್ದು ಅದೇ. ಅವಳು ಗಂಡನಿಗೆ ಫೋನ್ ಮಾಡಿ ಕೂಗಿದಳು, ನನ್ನ ಭುಜ ಹಿಡಿದು ಅಲ್ಲಾಡಿಸಿದಳು, ಅರ್ಜಿಯನ್ನು ನನ್ನ ಕೈಯಲ್ಲೇ ತುಂಬಿಸಿದಳು. ರಾತ್ರಿಯ ಊಟಕ್ಕೆ ಪಕ್ಕದ ಮನೆಯವರನ್ನು ಕರೆದು, "ಇವ್ಳು ಬಂದ್ಲು, ನಮ್ಗೆ ದಾರಿ ಸಿಕ್ತು," ಎಂದು ನನ್ನನ್ನು ತೋರಿಸಿದಳು.

ಮಾರನೆಯ ಬೆಳಿಗ್ಗೆ ಏರ್‌ಪೋರ್ಟ್‌ಗೆ ಅವಳೇ ಕಾರಿನಲ್ಲಿ ಬಿಡಲು ಬಂದಳು. "ಸರ್ವೋದಲ್ಲಿ ಒಂಚೂರು ಪೆಟ್ರೋಲ್ ಹಾಕ್ತೇನೆ," ಎಂದು ದಾರಿಯಲ್ಲಿ ಬಂಕ್‌ಗೆ ತಿರುಗಿಸಿದಳು. ಎಂಜಿನ್ ಆರಿಸಿದ್ದಷ್ಟೇ, ನಾನು ಹೇಳಿಬಿಟ್ಟೆ. ಅಲ್ಲಿಯ ನಿಯಮವೂ ಇದೇ ಆಗಿತ್ತು, ನಾನು ತಪ್ಪು ಓದಿದ್ದೆ, ನಿನಗೆ ಸಿಗುತ್ತಿತ್ತು, ಎಂದು.

ಅವಳು ಸೀಟ್‌ಬೆಲ್ಟ್ ಬಿಚ್ಚುತ್ತಿದ್ದವಳು ನಿಲ್ಲಿಸಿದಳು. "ತಪ್ಪು ಓದುದು ಯಾರಿಗೂ ಆಗ್ತದೆ. ಅದಕ್ಕೆಂತ ಅಳುದು?"

"ಬುಧವಾರವೇ ಗೊತ್ತಾಯ್ತು ನಂಗೆ."

"ಯಾವ ಬುಧವಾರ?"

"ವೋಟಿಂಗ್ ಇತ್ತಲ್ಲ, ಆ ವಾರ."

ಅವಳು ಲೆಕ್ಕ ಹಾಕುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. "ನಾನು ಫೋನ್ ಮಾಡಿದ್ದು ಗುರುವಾರ. ಶೂ ತೆಗೊಳ್ಳಿಕ್ಕೆ ಹೋದಾಗ."

"ಹೂಂ."

"ಗೊತ್ತಿದ್ದೂ ಇಲ್ಲ ಅಂದ್ಯಾ?"

"ಹೂಂ. ನಾನು ನೋ ಅಂತ ವೋಟೂ ಹಾಕಿದ್ದೆ."

"ಎಂತಕ್ಕೆ?"

"ನಿಂಗೆ ಅಷ್ಟು ಸುಲಭವಾಗಿ ಸಿಗಬಾರ್ದು ಅನ್ನಿಸ್ತು."

ಹಿಂದೆ ನಿಂತ ಕಾರಿನವನು ಹಾರ್ನ್ ಹೊಡೆದ. ಅವಳು ಇಳಿದು, ಪೆಟ್ರೋಲ್ ಹಾಕಿ, ಒಳಗೆ ಹೋಗಿ ದುಡ್ಡು ಕೊಟ್ಟು ಬಂದು ಕೂತಳು. ಗಾಡಿ ಓಡಿಸುತ್ತಾ ರಸ್ತೆ ನೋಡಿಕೊಂಡೇ ಹೇಳಿದಳು: "ಸುಲಭ ಅಂದ್ಯಲ್ಲ. ಹತ್ತು ವರ್ಷ ಮಸ್ಕತ್‌ನಲ್ಲಿ ನಾನೆಂತ ಸಮುದ್ರ ನೋಡ್ತಾ ಕೂತಿದ್ನಾ?"

ಏರ್‌ಪೋರ್ಟ್‌ನಲ್ಲಿ ನನ್ನ ಸೂಟ್‌ಕೇಸನ್ನು ತಾನೇ ಇಳಿಸಿದಳು. "ಮೇಜಿನವ್ರಿಗೆಲ್ಲ ಹೇಳಿದ್ಯಾ?"

"ಇಲ್ಲ. ನಿಂಗೊಬ್ಳಿಗೇ."

"ಹೇಳು. ನಂಗೆ ಹೇಳಿ ನಿಂಗೆ ಹಗುರ ಆಯ್ತಲ್ಲ, ಅಲ್ಲಿಗೇ ಮುಗಿಸ್ಬೇಡ. ಅವ್ರಿಗೂ ಮನೆ ಇರ್ಲಿಲ್ಲ."

ಹೇಳಿದೆ. ಬ್ರಿಸ್ಬೇನ್‌ಗೆ ವಾಪಸಾದ ವಾರದಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಒಬ್ಬರು "ಅದೆಲ್ಲ ಯಾವ ಕಾಲದ್ದು ಬಿಡಿ" ಎಂದು ನಕ್ಕರು. ಒಬ್ಬರು ಅರ್ಧದಲ್ಲೇ ಫೋನ್ ಇಟ್ಟುಬಿಟ್ಟರು. ಕೊನೆಗೆ ಅಡಿಲೇಡ್‌ನ ಅಂಕಲ್. ಅವರಿಗೆ ಹೇಳುವುದೇ ನನಗೆ ಹೆಚ್ಚು ಕಷ್ಟವಾಗಿತ್ತು.

ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಂಗೆ ಗೊತ್ತಿತ್ತು ಕಣಮ್ಮ," ಎಂದರು.

"ಏನ್ ಗೊತ್ತಿತ್ತು ಅಂಕಲ್?"

"ನೀನು ಹೇಳಿದ್ದು ತಪ್ಪು ಅಂತ. ನಾನು ಓದ್ಕೊಂಡೇ ಬಂದಿದ್ದೆ ಅವತ್ತು. ನೀನು ಅಷ್ಟು ಗ್ಯಾರಂಟಿಯಾಗಿ ಮಾತಾಡ್ತಿದ್ದೆ, ಎಲ್ರ ಮುಂದೆ ಹೆಣ್ಮಗಳನ್ನ ತಪ್ಪು ಅನ್ನೋದು ಹೆಂಗಮ್ಮಾ? ಆಮೇಲೆ ನೀನೇ ನೋಡ್ಕೊಂಡು ಸರಿ ಮಾಡ್ತೀಯ ಅಂದ್ಕೊಂಡೆ. ನಾನು ಯೆಸ್ ಅಂತ ಹಾಕ್ದೆ, ಒಬ್ನೇ."

"ಆಮೇಲಾದ್ರೂ ಬೈಬೇಕಿತ್ತು ನೀವು."

"ಬೈದು? ನಿಮ್ಮನೆ ಹೋಳಿಗೆ ತಿಂದಿದ್ದೀನಲ್ಲಮ್ಮ," ಎಂದು ನಕ್ಕರು. ಆ ನಗು ತುಂಬ ಹೊತ್ತು ನಿಲ್ಲಲಿಲ್ಲ. "ನಾನೂ ಆ ಮಂಗ್ಳೂರಿನ ಹುಡ್ಗಿಗೆ ಹೇಳ್ಬೋದಿತ್ತು," ಎಂದರು.

ಒಂದು ಕ್ಷಣ ನನಗೆ ಸಮಾಧಾನವಾದದ್ದು ನಿಜ, ಭಾಗ ಹಂಚಿಕೊಳ್ಳಲು ಇನ್ನೊಬ್ಬರು ಸಿಕ್ಕರಲ್ಲ ಎಂದು. ಫೋನ್ ಇಟ್ಟ ಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಯಿತು. ಅವರು ಸುಮ್ಮನಿದ್ದದ್ದು ನನ್ನ ಮರ್ಯಾದೆ ಉಳಿಸಲು. ನಾನು ಸುಮ್ಮನಿದ್ದದ್ದೂ ನನ್ನದನ್ನೇ ಉಳಿಸಲು. ನಮ್ಮಿಬ್ಬರ ನಡುವೆ ಅವಳ ಮನೆ ಹೋಯಿತು.

ಗೆಳತಿಗೆ ಪರ್ತ್‌ನಲ್ಲಿ ಆ ಅರ್ಜಿ ಮಂಜೂರಾಯಿತು. ನನಗೆ ತಿಳಿದದ್ದು ಫೇಸ್‌ಬುಕ್‌ನಿಂದ. ಪಾದ್ರಿಯವರು ಬಾಗಿಲಲ್ಲಿ ನಿಂತು ಮನೆ ಆಶೀರ್ವದಿಸುತ್ತಿರುವ ಫೋಟೋ, ಪಕ್ಕದಲ್ಲಿ ಅವಳು, ಗಂಡ, ಮಗಳು. ನನ್ನನ್ನು ಕರೆದಿರಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ. 'ತುಂಬ ಖುಷಿಯಾಯ್ತು' ಎಂದು ಮೆಸೇಜ್ ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಕಳಿಸುತ್ತೇನೆ. ಪ್ರತಿ ಸಲವೂ ಓದುತ್ತಾಳೆ.

ಇದರ ಕೆಳಗೆ "ಪರವಾಗಿಲ್ಲ ಬಿಡಿ, ಹೇಳಿಕೊಂಡ್ರಲ್ಲ, ಅದೇ ದೊಡ್ಡದು" ಎಂದು ಬರೆಯಬೇಡಿ. ಅದು ದೊಡ್ಡದಲ್ಲ, ಎರಡು ವರ್ಷ ತಡ. ಅದರ ಬದಲು ನಿಮ್ಮದನ್ನು ಬರೆಯಿರಿ. ಗೊತ್ತಿದ್ದೂ ಯಾರಿಗೆ ಹೇಳದೆ ಉಳಿದಿರಿ, ಅಥವಾ ಯಾರೋ ಹೇಳದೆ ಉಳಿದದ್ದರಿಂದ ನಿಮಗೆ ಏನು ತಪ್ಪಿಹೋಯಿತು. ಹೆಸರು ಹಾಕಬೇಡಿ, ನಾನೂ ಹಾಕಿಲ್ಲ. ಮತ್ತು ಹೇಳಬೇಕಾದವರು ಫೋನಿಗೆ ಸಿಗುವಂತಿದ್ದರೆ, ಇಲ್ಲಿ ಬರೆಯುವ ಮೊದಲು ಅವರಿಗೆ ಹೇಳಿ ಬನ್ನಿ.